ಬಳೆಗಾರ್ತಿಯ ಕಣ್ಣು

ಕಣ್ಣಿನ ವೈದ್ಯಕೀಯ ಓದಿ ಮುಗಿಸಿದ ಶಿಷ್ಯನೊಬ್ಬ ಗುರುಗಳನ್ನು ಕೇಳಿದ: “ಪದವಿ ಬಂದಿದೆ, ಕೈಯೂ ಪಳಗಿದೆ. ಆದರೂ ವೈದ್ಯರಾದವರು ವರ್ಷವರ್ಷವೂ ಹೋಗಿ ಪಾಠಕ್ಕೆ ಕೂರಬೇಕಂತೆ. ಗೊತ್ತಿರುವುದನ್ನೇ ಮತ್ತೆ ಕೇಳಿ ಏನು ಪ್ರಯೋಜನ, ಗುರುಗಳೇ?”

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕಣ್ಣಿನ ವೈದ್ಯೆ ಇದ್ದಳು. ಪೊರೆ ತೆಗೆಯುವುದರಲ್ಲಿ ಅವಳಿಗೆ ಒಳ್ಳೆಯ ಹೆಸರಿತ್ತು. ಒಮ್ಮೆ ಅವಳು ಒಬ್ಬ ಬಳೆಗಾರ್ತಿಗೆ ಶಸ್ತ್ರಚಿಕಿತ್ಸೆ ಮಾಡಿದಳು. ಬಳೆಗಾರ್ತಿಯ ಇನ್ನೊಂದು ಕಣ್ಣು ಚಿಕ್ಕಂದಿನಿಂದಲೂ ಕಾಣುತ್ತಿರಲಿಲ್ಲ. ಇದ್ದದ್ದು ಇದೊಂದೇ. ಮರುದಿನ ಪಟ್ಟಿ ಬಿಚ್ಚಿದಾಗ ಎಲ್ಲ ಸರಿಯಾಗಿತ್ತು. ಅವಳನ್ನು ಮನೆಗೆ ಕಳಿಸಿದರು.

ಕೆಲವು ದಿನ ಕಳೆದು ಬಳೆಗಾರ್ತಿಯ ಗಂಡ ಒಬ್ಬನೇ ಆಸ್ಪತ್ರೆಗೆ ಬಂದ. “ಅವಳಿಗೆ ಕಣ್ಣು ತಡೆಯಲಾಗದಷ್ಟು ನೋಯುತ್ತಿದೆ ಡಾಕ್ಟ್ರಮ್ಮ. ನೀವು ಕೊಟ್ಟ ಮಾತ್ರೆಗೆ ಬಗ್ಗುತ್ತಿಲ್ಲ. ಸ್ವಲ್ಪ ಜೋರಿನದ್ದು ಬರೆದುಕೊಡಿ” ಎಂದ. ಹೊರಗೆ ರೋಗಿಗಳ ಸಾಲು ಬೆಳೆದಿತ್ತು. ವೈದ್ಯೆ ಅಮಲಿನ ಅಂಶವಿರುವ ಮಾತ್ರೆಯೊಂದನ್ನು ಬರೆದುಕೊಟ್ಟಳು. ವೈದ್ಯರ ಚೀಟಿ ಇಲ್ಲದೆ ಔಷಧಿ ಅಂಗಡಿಯವರು ಅದನ್ನು ಯಾರಿಗೂ ಕೊಡುವಂತಿರಲಿಲ್ಲ. ಅಷ್ಟು ನೋಯುತ್ತಿರುವವಳಿಗೆ ಕೊಡದಿರುವುದೇ ತಪ್ಪು ಎಂದು ಅವಳಿಗೆ ಅನ್ನಿಸಿತ್ತು.

ಮರುದಿನ ಜಿಲ್ಲಾಕೇಂದ್ರದಲ್ಲಿ ವೈದ್ಯರಿಗೆ ಪಾಠವಿತ್ತು. ಅವಳಿಗೆ ಮನಸ್ಸಿರಲಿಲ್ಲ, ಹಾಜರಿ ಬೇಕೆಂದು ಹೋದಳು. ಅಮಲಿನ ಮಾತ್ರೆಗಳನ್ನು ಯಾವಾಗ ಬರೆಯಬೇಕು, ಯಾವಾಗ ಬರೆಯಬಾರದು ಎಂಬುದು ವಿಷಯ. ಪಾಠ ಹೇಳುತ್ತಿದ್ದವನು ಅವಳಿಗಿಂತ ಬಹಳ ಚಿಕ್ಕವನು. ಕೆಲವರು ತೂಕಡಿಸುತ್ತಿದ್ದರು. ಅವಳು ಮೊಬೈಲ್ ನೋಡುತ್ತಿದ್ದಳು.

ಅವನು ಹೇಳಿದ: “ಶಸ್ತ್ರಚಿಕಿತ್ಸೆಯಾದ ಕಣ್ಣಿನ ನೋವು ದಿನೇದಿನೇ ಇಳಿಯಬೇಕು. ಏರುತ್ತಿದ್ದರೆ ಚೀಟಿ ಬರೆಯುವ ಮುಂಚೆ ಕಣ್ಣು ನೋಡಿ. ಒಳಗೆ ಸೋಂಕಾಗಿರಬಹುದು. ಮಾತ್ರೆಗೆ ನೋವು ಅಡಗುತ್ತದೆ, ಸೋಂಕು ಅಡಗುವುದಿಲ್ಲ.”

ಇದು ಅವಳಿಗೆ ತಿಳಿಯದ ವಿಷಯವಾಗಿರಲಿಲ್ಲ. ಹಿಂದೆ ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ಪಡೆದಿದ್ದಳು. ಆದರೂ ಈಗ ಅವಳು ಮೊಬೈಲಿನಿಂದ ತಲೆ ಎತ್ತಿದಳು.

ಅವಳು ಎದ್ದಳು. “ಈಗ ಹೋದರೆ ಹಾಜರಿ ಸಿಗುವುದಿಲ್ಲ ಮೇಡಂ” ಎಂದ ಬಾಗಿಲಲ್ಲಿ ನಿಂತವನು. ಅವಳು ಹೊರಟೇಬಿಟ್ಟಳು. ದಾರಿಯಲ್ಲೇ ಬಳೆಗಾರ್ತಿಯ ಮನೆಗೆ ಫೋನ್ ಮಾಡಿದಳು.

“ಈಗ ನೋವೇ ಇಲ್ಲ ಡಾಕ್ಟ್ರಮ್ಮ” ಎಂದ ಗಂಡ. “ಹಾಯಾಗಿ ಮಲಗಿದ್ದಾಳೆ. ನಿಮ್ಮ ಪುಣ್ಯ.”

“ಎಬ್ಬಿಸಿ. ಈಗಲೇ ಆಸ್ಪತ್ರೆಗೆ ಕರೆತನ್ನಿ” ಎಂದಳು ವೈದ್ಯೆ.

ಕಣ್ಣೊಳಗೆ ಕೀವು ಕಟ್ಟಲು ಶುರುವಾಗಿತ್ತು. ಇನ್ನೊಂದು ದಿನ ಹೋಗಿದ್ದರೆ ಮಾಡುವುದಕ್ಕೇನೂ ಉಳಿಯುತ್ತಿರಲಿಲ್ಲ. ಅವಳು ಆಗಲೇ ಕಣ್ಣೊಳಗೆ ಮದ್ದು ಚುಚ್ಚಿದಳು. ಗಂಡನನ್ನು ಕರೆದು, “ನಿನ್ನೆ ನಾನು ಇವಳನ್ನು ನೋಡದೆ ಮಾತ್ರೆ ಬರೆದದ್ದು ತಪ್ಪಾಯಿತು” ಎಂದಳು. ಅವನು ಹೆಂಡತಿಯ ಹಾಸಿಗೆಯ ಬಳಿ ಹೋಗಿ ಕುಳಿತ. ಮುಂದಿನ ದಿನಗಳಲ್ಲಿ ವೈದ್ಯೆಗೆ ಅನ್ನ ಸೇರಲಿಲ್ಲ.

ಮೊದಲು ಕೆಂಪು ಇಳಿಯಿತು. ಆಮೇಲೆ ಕೀವು ಕರಗಿತು. ಒಂದು ಬೆಳಿಗ್ಗೆ ವೈದ್ಯೆ ಹಾಸಿಗೆಯ ಬಳಿ ಬಂದು ನಿಂತಾಗ ಬಳೆಗಾರ್ತಿ ಅವಳ ಕೈಯನ್ನೇ ನೋಡುತ್ತ, “ನಿಮ್ಮದು ಎರಡೂಕಾಲಿನ ಬಳೆಯ ಕೈ. ಬರಿಗೈಯಲ್ಲಿ ಯಾಕಿದ್ದೀರಿ ಡಾಕ್ಟ್ರಮ್ಮ?” ಎಂದಳು.

ವೈದ್ಯೆ ಅಲ್ಲೇ ಹಾಸಿಗೆಯ ಅಂಚಿನಲ್ಲಿ ಕುಳಿತುಬಿಟ್ಟಳು. ನಗು ಬಂತು, ಅಳುವೂ ಬಂತು. ಅಂದು ಅವಳು ಹೊಟ್ಟೆ ತುಂಬ ಉಂಡಳು.

ಕತೆ ಮುಗಿಯಿತು. ಶಿಷ್ಯ ಹೇಳಿದ: “ಸದ್ಯ, ಕಣ್ಣು ಉಳಿಯಿತಲ್ಲ! ಅರ್ಥವಾಯಿತು ಗುರುಗಳೇ. ಇನ್ನು ಒಂದು ಪಾಠವನ್ನೂ ತಪ್ಪಿಸುವುದಿಲ್ಲ. ಕೊನೆಯ ಮಾತಿನವರೆಗೂ ಕದಲದೆ ಕೂರುತ್ತೇನೆ.”

“ಅವಳು ಕೂರಲಿಲ್ಲವಪ್ಪ” ಎಂದರು ಗುರುಗಳು.