ಪೆನ್ನಿನ ಕತ್ತಿನ ರೇಷ್ಮೆ ಎಳೆ

"ಗುರುಗಳೇ, ನನಗೆ ಉಪಕಾರ ಮಾಡಿದವರ ಮನೆಗೆಲ್ಲ ಹೋಗಿ ಕೈಮುಗಿದು ಬಂದೆ. ಇನ್ನು ಯಾರಾದರೂ ಉಳಿದಿದ್ದಾರೆಯೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಸಂಗೀತಗಾರನಿದ್ದ. ಅವನ ಬಳಿ ಹಳೆಯ ಕಾಲದ ಸಂಗೀತದ ಕಂಪ್ಯೂಟರ್ ಇತ್ತು. ವೈರು ಕಟ್ಟಿದ ಒಂದು ಪೆನ್ನಿನಿಂದ ಪರದೆಯನ್ನು ಮುಟ್ಟಿದರೆ ಮಾತ್ರ ಅದು ಹಾಡುತ್ತಿತ್ತು. ತೀರಿಹೋದ ಹೆಂಡತಿಯ ದನಿ ಅದರೊಳಗಿತ್ತು. ಬೆಳಿಗ್ಗೆ ಅದನ್ನು ಕೇಳದೆ ಅವನಿಗೆ ಕಾಫಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಒಂದು ದಿನ ಪೆನ್ನು ಕೆಟ್ಟಿತು. ಪರದೆ ಬೆಳಗಿತು, ದನಿ ಬರಲಿಲ್ಲ.

ಹನ್ನೆರಡು ವರ್ಷದ ಹಿಂದೆಯೂ ಹೀಗೇ ಆಗಿತ್ತು. ಆಗ ಮನೆಯಲ್ಲಿ ತಂಬೂರಿ ಮೀಟುವ ಜೊತೆಗಾರನೊಬ್ಬನಿದ್ದ. "ನೀನೇ ಬೀಳಿಸಿದ್ದು. ನಾಳೆ ನಿನ್ನ ಮುಖ ಇಲ್ಲಿ ಕಾಣಬಾರದು" ಎಂದು ಸಂಗೀತಗಾರ ಅವನನ್ನು ಓಡಿಸಿದ. ಮರುದಿನ ನೋಡಿದರೆ ಪೆನ್ನು ಸರಿಹೋಗಿತ್ತು. ದೇವರ ದಯೆ ಎಂದು ತೆಂಗಿನಕಾಯಿ ಒಡೆದ. ಜೊತೆಗಾರನ ಮೇಲಿನ ದೂರನ್ನು ಬೀದಿಯಲ್ಲೆಲ್ಲ ಹಂಚಿದ. ಬೀದಿಗೆ ಅಷ್ಟು ಸಾಕಾಯಿತು. ಮೂಲೆಮನೆಯ ಹೆಂಗಸು ಒಮ್ಮೆ ಆ ಜೊತೆಗಾರನಿಗೆ ಒಂದು ಲೋಟ ಮಜ್ಜಿಗೆ ಕೊಟ್ಟಿದ್ದಳು. ಆ ಮಜ್ಜಿಗೆ ಮೂರು ಮನೆ ದಾಟುವಷ್ಟರಲ್ಲಿ ಗುಟ್ಟಿನ ಸಂಸಾರವಾಯಿತು. ಸಂಗೀತಗಾರ ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಕೇಳಿ ತಲೆಯಾಡಿಸಿದ.

ಈಗ ಬೈಯಲು ಮನೆಯಲ್ಲಿ ಯಾರೂ ಇರಲಿಲ್ಲ. ಪೆನ್ನನ್ನು ಹಿಡಿದು ರೇಡಿಯೋ ರಿಪೇರಿ ಮಾಡುವ ಮುದುಕಿಯ ಅಂಗಡಿಗೆ ಹೋದ. ಮುದುಕಿ ಅದನ್ನು ಬಿಚ್ಚಿದಳು.

"ಎತ್ತಿಡುವಾಗ ವೈರನ್ನು ಪೆನ್ನಿಗೇ ಬಿಗಿಯಾಗಿ ಸುತ್ತುತ್ತೀರೋ?"

"ದಿನವೂ ನಾನೇ ಸುತ್ತುತ್ತೇನೆ. ಬೇರೆಯವರಿಗೆ ಮುಟ್ಟಲು ಕೊಡುವುದಿಲ್ಲ."

"ಒಳ್ಳೆಯ ಜೋಪಾನ. ಕತ್ತು ಹಿಸುಕಿ ಮುದ್ದು ಮಾಡಿದ ಹಾಗಾಯಿತು. ವೈರು ಒಳಗೇ ತುಂಡಾಗಿದೆ. ಹಿಂದೆಯೂ ಇಲ್ಲಿಯೇ ತುಂಡಾಗಿತ್ತು. ಯಾರೋ ಪುಣ್ಯಾತ್ಮ ಬೆಸುಗೆ ಹಾಕಿ, ಮತ್ತೆ ಮುರಿಯದಿರಲೆಂದು ಪೆನ್ನಿನ ಕತ್ತಿನೊಳಗೆ ರೇಷ್ಮೆ ಎಳೆ ಸುತ್ತಿದ್ದಾನೆ. ಅದು ಇಷ್ಟು ವರ್ಷ ತಾಳಿ ಈಗ ಸವೆದಿದೆ. ವೈರಿಗೆ ತಂಬೂರಿಯ ಎಳೆ ಸುತ್ತಿದವನನ್ನು ನಾನು ಎಲ್ಲಿಯೂ ಕಂಡಿಲ್ಲ, ರಾಯರೇ."

ಸಂಗೀತಗಾರ ಕನ್ನಡಕ ಏರಿಸಿ ನೋಡಿದ. ಕೆಂಪು ಎಳೆ. ಮೂರು ಗಂಟು. ನಾದ ಝೇಂಕರಿಸಲೆಂದು ತಂಬೂರಿಯ ತಂತಿಯ ಕೆಳಗಿಡುವ ಎಳೆಗೆ ಮೂರು ಗಂಟು ಹಾಕುತ್ತಿದ್ದವನು ಒಬ್ಬನೇ. ಓಡಿಸಿಕೊಂಡವನು ಹೊರಡುವ ಮುನ್ನ ಕೂತು ಇದನ್ನು ಮಾಡಿಟ್ಟು ಹೋಗಿದ್ದ.

ಮುದುಕಿ ವೈರು ಬೆಸೆದಳು. ಹಳೆಯ ಎಳೆಯನ್ನು ಕಸಕ್ಕೆ ಹಾಕಹೋದಾಗ ಅವನು ಕೈಯೊಡ್ಡಿ ಇಸಿದುಕೊಂಡ.

ಮರುದಿನ ಬೆಳಿಗ್ಗೆ ಹೆಂಡತಿಯ ದನಿ ಬಂತು. ಹನ್ನೆರಡು ವರ್ಷದ ಬೆಳಗುಗಳನ್ನು ತನಗೆ ಕೊಟ್ಟವನು ಯಾರೆಂದು ಅವನಿಗೆ ತಿಳಿಯಿತು. ಕಾಫಿ ಕುಡಿಯದೆ ಎದ್ದ. ಮೊದಲು ಮೂಲೆಮನೆಯ ಬಾಗಿಲು ತಟ್ಟಿ, ಬೀದಿಯವರ ಎದುರೇ ಆ ಹೆಂಗಸಿನ ಬಳಿ ತಪ್ಪೊಪ್ಪಿಕೊಂಡ. ಆಮೇಲೆ ಎಳೆಯನ್ನು ಜೇಬಿನಲ್ಲಿಟ್ಟುಕೊಂಡು ಜೊತೆಗಾರನ ಊರಿನ ಬಸ್ಸು ಹತ್ತಿದ.

ಕತೆ ಅಲ್ಲಿಗೆ ನಿಂತಿತು.

"ಅವನು ಸಿಕ್ಕಿದನೇ, ಗುರುಗಳೇ?" ಎಂದು ಶಿಷ್ಯ ಕೇಳಿದ.

"ನೀನು ಕೈಮುಗಿದು ಬಂದ ಮನೆಗಳಲ್ಲಿ, ನೀನು ಬೈದವರ ಮನೆ ಎಷ್ಟು?" ಎಂದರು ಗುರುಗಳು.

ಶಿಷ್ಯ ಎದ್ದು ಚಪ್ಪಲಿ ಮೆಟ್ಟಿಕೊಂಡ.