ಮುದ್ದ ಅಡ್ಜಸ್ಟ್ ಮಾಡ್ಕೊಂಡಿದ್ದು

ಸರ್ಕೊಳ್ರೋ, ಆ ಕಡೆ ಸರ್ಕೊಳ್ರಿ! ಕತೆ ಹೇಳೋಳಿಗೇ ಜಾಗ ಇಲ್ದಂಗೆ ಕೂತವ್ರೆ ನೋಡು. ಹಾಂ, ಈಗ ಸರಿಯಾಯ್ತು.

ಒಂದೂರಲ್ಲಿ ದೊಡ್ಡತಾಯಮ್ಮ ಅಂತ ಇದ್ಲು. ಗಂಡ ತೀರ್ಕೊಂಡಿದ್ದ. ಬಸ್ ಸ್ಟ್ಯಾಂಡ್ ಪಕ್ಕ ಮುದ್ದೆ-ಸಾರಿನ ಹೋಟ್ಲು. ಒಬ್ಬನೇ ಮಗ, ಹೆಸರು ಮುದ್ದ. ಊರೋರು ಕರೆಯೋದು ಪೆದ್ದ.

"ನಾನು ಕಣ್ಮುಚ್ಚಿದ ಮೇಲೆ ಇವನಿಗ್ಯಾರಪ್ಪಾ ದಿಕ್ಕು? ಒಂದು ಹೆಣ್ಣು ಸಿಕ್ಕಿದ್ರೆ ಸಾಕು" ಅಂತ ಆಕೆ ದಿನಾ ಕೊರಗೋಳು. ಪೆದ್ದನಿಗೆ ಹೆಣ್ಣು ಕೊಡೋರು ಯಾರು? ನೀವು ಕೊಡ್ತೀರಾ?

ಒಂದಿನ ಮುದ್ದ ಸಂತೆಯಿಂದ ಬೆಲ್ಲ ತಗೊಂಡು ಬಸ್ಸಲ್ಲಿ ಕಾಲು ಚಾಚ್ಕೊಂಡು ಕೂತಿದ್ದ. ಒಂದು ಅಜ್ಜಿ ಬಂದು, "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಪ್ಪ" ಅಂತು.

"ಅದು ನನ್ಹತ್ರ ಇಲ್ಲ ಅಜ್ಜಿ, ಬರೀ ಬೆಲ್ಲ ಐತೆ!"

ಪಾಪ, ಅಜ್ಜಿ ಊರು ಬರೋತಂಕ ನಿಂತೇ ಬಂತು. ಇಳಿದು ನೆಟ್ಟಗೆ ಹೋಟ್ಲಿಗೆ ಹೋಗಿ ಚಾಡಿ ಹೇಳ್ತು. ದೊಡ್ಡತಾಯಮ್ಮ ಹಣೆ ಹಣೆ ಬಡ್ಕೊಂಡ್ಲು. "ಅಯ್ಯೋ ಪೆದ್ದೇ! ಅಡ್ಜಸ್ಟ್ ಅಂದ್ರೆ ಆಚೆ ಸರ್ಕೊಂಡು ಜಾಗ ಬಿಡೋದು ಕಣೋ!"

"ಹೂಂ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಮಾರನೇ ದಿನ ಲಾರಿ ಡ್ರೈವರೊಬ್ಬ ಊಟಕ್ಕೆ ಕೂತ. ಸಾರು ಬಾಯಿಗಿಟ್ಟ, ಮುಖ ಕಿವುಚಿದ. "ಥೂ, ಉಪ್ಪು! ಏಯ್ ಹುಡುಗ, ಈ ಸಾರು ಅಡ್ಜಸ್ಟ್ ಮಾಡೋ!"

ಮುದ್ದ ಸಾರಿನ ಬಕೆಟ್ಟು ಎತ್ಕೊಂಡು ಬಂದು ಬೆಂಚಿನ ಮೇಲಿಟ್ಟ. "ಸರ್ಕೊಳಣ್ಣ, ಸಾರು ಕೂತ್ಕೊಬೇಕು! ಇನ್ನೂ ಸರ್ಕೊ! ಇನ್ನೂ!" ಡ್ರೈವರ್ ಬೆಂಚಿನ ತುದಿಯಿಂದ ದೊಪ್ ಅಂತ ಬಿದ್ದ. ತಟ್ಟೆ ತಲೆ ಮೇಲೆ.

"ಅಯ್ಯೋ ಪೆದ್ದೇ! ಉಪ್ಪಾದ್ರೆ ಬಿಸಿನೀರು ಹುಯ್ಯೋದು ಕಣೋ ಅಡ್ಜಸ್ಟ್ ಅಂದ್ರೆ!"

"ಹೂಂ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಮಾಡ್ದ! ಪಕ್ಕದ್ಮನೆ ಮೇಷ್ಟ್ರು ಕರೆದು, "ಈ ಅಲಾರಂ ಗಡಿಯಾರ ಮುಂದಕ್ಕೆ ಓಡ್ತದೆ ಮುದ್ದ, ನಂಗೆ ಕಣ್ಣು ಕಾಣಲ್ಲ, ಸ್ವಲ್ಪ ಅಡ್ಜಸ್ಟ್ ಮಾಡು" ಅಂದ್ರು. ಮುದ್ದ ಓಡಿ ಹೋಗಿ ಒಲೆ ಮೇಲಿನ ಬಿಸಿನೀರು ತಂದು ಸುರಿದೇ ಬಿಟ್ಟ. ಗಡಿಯಾರ ಟಿಕ್ ಅಂದಿದ್ದು ಟಕ್ ಅನ್ನಲಿಲ್ಲ. ನಗ್ತೀರಲ್ಲ, ಮೇಷ್ಟ್ರು ಮುಖ ನೋಡ್ಬೇಕಿತ್ತು ನೀವು!

"ಅಯ್ಯೋ ಪೆದ್ದೇ! ಹಿಂದುಗಡೆ ಕಿವಿ ಇರ್ತದಲ್ಲೋ, ಅದನ್ನ ಹಿಡಿದು ತಿರುಗಿಸೋದು!"

"ಹೂಂ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಅಷ್ಟ್ರಲ್ಲಿ ಯಾವ ದೇವರು ಕಣ್ಬಿಟ್ನೋ, ಒಂದು ಸಂಬಂಧ ಬಂತು. ಹುಡುಗಿ ಚಂದ್ರಿ. ಅಪ್ಪ ಅಮ್ಮ ಇಲ್ಲ, ಸೋದರಮಾವ ಮರಿಗೌಡನ ಮನೇಲಿ ಬೆಳೆದೋಳು. ಹೆಣ್ಣು ನೋಡೋಕೆ ಹೋದ್ರು. ಉಪ್ಪಿಟ್ಟಾಯ್ತು, ಕಾಫಿಯಾಯ್ತು, ಮುದ್ದ ಬಾಯಿ ಬಿಡಲಿಲ್ಲ. ಇನ್ನೇನು ಎಲೆ ಅಡಿಕೆ ಹಿಡಿಬೇಕು, ಮರಿಗೌಡ ಗಂಟಲು ಸರಿ ಮಾಡ್ಕೊಂಡ.

"ನಮ್ಮುಡುಗಿ ಸ್ವಲ್ಪ ಬಾಯಿ ಜೋರು. ನೀನೇ ಅಡ್ಜಸ್ಟ್ ಮಾಡ್ಕೊಬೇಕಪ್ಪ."

ಮುದ್ದ ಎದ್ದ. ಹಿಂದುಗಡೆ ಹೋದ. ಮರಿಗೌಡನ ಕಿವಿ ಹಿಡಿದು ಗರಗರ ತಿರುಗಿಸ್ದ!

"ಅಯ್ಯಯ್ಯೋ! ಬಿಡೋ! ಸತ್ತೆ!"

"ಹೆಣ್ಣು ಕೊಡೋರ ಕಿವಿ ಹಿಂಡ್ತಾರೇನೋ ಪಾಪಿ!" ದೊಡ್ಡತಾಯಮ್ಮ ಅಳೋಕೇ ಶುರು ಮಾಡಿದ್ಲು. ಮುಗೀತು, ಇನ್ಯಾರು ಕೊಡ್ತಾರೆ?

ಬಾಗಿಲ ಹಿಂದೆ ಕಿಲಕಿಲ ನಗು. ಚಂದ್ರಿ ಈಚೆ ಬಂದ್ಲು. "ಹಳೇ ಸೀರೆ ಅಡ್ಜಸ್ಟ್ ಮಾಡ್ಕೊ, ತಂಗಳು ಅಡ್ಜಸ್ಟ್ ಮಾಡ್ಕೊ ಅಂತ ಈ ಮಾವ ನಂಗೆ ಹೇಳದ ದಿನ ಇಲ್ಲ. ಇವತ್ತು ಆ ಮಾತಿಗೆ ಕಿವಿ ಹಿಂಡೋನು ಒಬ್ಬ ಸಿಕ್ಕ! ಮದುವೆ ಅಂತ ಆದ್ರೆ ಇವನನ್ನೇ ಆಗ್ತೀನಿ."

ಮದುವೆ ದಿನ ಅವ್ವ ಮಗನ ಕೈ ಹಿಡ್ಕೊಂಡ್ಲು. "ನೀರು ಹುಯ್ಯಬೇಡ, ಕಿವಿ ಮುಟ್ಟಬೇಡ. ಯಾರಾದ್ರೂ ಅಡ್ಜಸ್ಟ್ ಅಂದ್ರೆ ಮೊದಲ್ನೇ ಸಲ ಹೇಳಿದ್ನಲ್ಲ, ಅಷ್ಟೇ ಮಾಡಪ್ಪ."

"ಹೂಂ ಕಣವ್ವ."

ತಾಳಿ ಆಯ್ತು. ದೊಡ್ಡತಾಯಮ್ಮ ಎಲ್ಲೋದ್ಲು? ಗಂಡ ಇಲ್ದೋಳು ಅಂತ ತಾನಾಗೇ ಕಂಬದ ಹಿಂದೆ ನಿಂತಿದ್ಲು. ಯಾರೂ ನಿಲ್ಲು ಅನ್ನಲಿಲ್ಲ, ಯಾರೂ ಬಾ ಅಂತಲೂ ಅನ್ನಲಿಲ್ಲ. ಫೋಟೋದೋನು ಕೂಗಿದ, "ಮದುಮಗ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ!"

ಮುದ್ದ ಸರ್ಕೊಂಡ. ಸರ್ಕೊಂಡು ಸರ್ಕೊಂಡು ಹಸೆಮಣೆಯಿಂದ ಎದ್ದೇ ಹೋದ! ಅವ್ವನ್ನ ಎಳ್ಕೊಂಡು ಬಂದು ತನ್ನ ಜಾಗದಲ್ಲಿ ಕೂರಿಸ್ದ. "ಕೂತ್ಕೊಳವ್ವ, ಜಾಗ ಬಿಟ್ಟಿದ್ದೀನಿ."

"ಏಯ್, ಗಂಡ ಇಲ್ದೋಳು ಹಸೆಮಣೆ ಮೇಲೆ..." ಅಂತ ಮರಿಗೌಡ ಬಾಯಿ ತೆಗೆದ. ಮುದ್ದ ಸುಮ್ನೆ ತಿರುಗಿ ನೋಡಿದ, ಅಷ್ಟೇ. ಮರಿಗೌಡ ಎರಡೂ ಕಿವಿ ಮುಚ್ಕೊಂಡು ತೆಪ್ಪಗಾದ.

"ಕೂತ್ಕೊಳಿ ಅತ್ತೆ" ಅಂದ್ಲು ಚಂದ್ರಿ. ದೊಡ್ಡತಾಯಮ್ಮ ಸೊಸೆ ಕೈ ಹಿಡ್ಕೊಂಡು ಉಸ್ಸಪ್ಪಾ ಅಂತ ಕೂತ್ಲು. ಎಷ್ಟು ವರ್ಷದ ಭಾರ ಇಳೀತೋ! ಅದೇ ಹೊತ್ತಿಗೆ ಫೋಟೋ ಕ್ಲಿಕ್.

ಆ ಫೋಟೋ ಈಗ್ಲೂ ಹೋಟ್ಲು ಗೋಡೆ ಮೇಲೈತೆ. ಉಣ್ಣೋಕೆ ಬಂದೋರು, "ಹೆಣ್ಣವ್ಳೆ, ಅತ್ತೆ ಅವ್ಳೆ, ಗಂಡೆಲ್ಲೋ?" ಅಂತಾರೆ. ಮುದ್ದ ಫೋಟೋದಲ್ಲಿ ಕಂಬದ ಹಿಂದಿಂದ ಇಣುಕೋ ತನ್ನ ಪೇಟದ ತುದಿಗೆ ಬೆರಳಿಟ್ಟು ಹೇಳ್ತಾನೆ, "ಅಡ್ಜಸ್ಟ್ ಮಾಡ್ಕೊಂಡಿದ್ದೀನಿ ಕಣಣ್ಣ!"