ಸೋಮವಾರದ ದಾರಿ ಕಾದ ಭಜಂತ್ರಿ

ಘಟಪ್ರಭೆಯ ದಂಡೆಯ ಆ ಮಠಕ್ಕೆ ಗೋಪುರವಿರಲಿಲ್ಲ, ಕಮಾನೂ ಇರಲಿಲ್ಲ. ಮಣ್ಣಿನ ಮಾಳಿಗೆಯ ಎರಡು ಖೋಲಿ, ಮುಂದೊಂದು ಬೇವಿನ ಮರ, ಇಷ್ಟೇ. ಪೂಜ್ಯ ಶ್ರೀ ಮೌನಯ್ಯ ಸ್ವಾಮಿಗಳು ನಲವತ್ತು ವರ್ಷ ಅಲ್ಲಿಯೇ ಬಾಳಿದರು. ಅಂಗಳದ ಕಸವನ್ನೂ ತಾವೇ ಗುಡಿಸುತ್ತಿದ್ದರು. ಮಹಾ ಯೋಗಸಾಧಕರೆಂದು ಸುತ್ತಲ ಹತ್ತೂರು ಅವರಿಗೆ ಕೈ ಮುಗಿಯುತ್ತಿತ್ತು. ಅವರ ಬಾಯಿಂದ ಮಾತ್ರ ಯೋಗದ ಮಾತು ಹೊರಡುತ್ತಿದ್ದುದು ಅಪರೂಪ.

ಒಂದು ಶನಿವಾರ ಬೆಳಗ್ಗೆ ಶ್ರೀಗಳು ದಾಸೋಹದ ಜೋಳದಲ್ಲಿನ ಹರಳು ಆರಿಸುತ್ತ ಕುಳಿತಿದ್ದರು. ಮಠದಲ್ಲಿ ಶಹನಾಯಿ ಸೇವೆ ಮಾಡುತ್ತಿದ್ದ ಯಮನಪ್ಪ ಭಜಂತ್ರಿ ಬಂದವನೇ, ಬಟ್ಟೆಯಲ್ಲಿ ಸುತ್ತಿದ ವಾದ್ಯವನ್ನು ಅವರ ಪಾದದ ಬಳಿ ಇಟ್ಟುಬಿಟ್ಟ. ನಾಲ್ಕು ತಲೆಮಾರಿನಿಂದ ಬೆಳಗಿನ ಪೂಜೆಗೆ ಊದಿದ ಮನೆತನ ಅವನದು. ಈಗ ಅವನಿಗೆ ದಮ್ಮು. ಒಂದು ಸಾಲು ಮುಗಿಯುವಷ್ಟರಲ್ಲಿ ಎದೆ ಹಿಡಿದುಕೊಳ್ಳುತ್ತಿತ್ತು. ಎರಡು ವರ್ಷದ ಹಿಂದೆಯೇ ಶ್ರೀಗಳು ಅವನಿಗೆ ಎರಡು ಆಸನ, ನಿಧಾನದ ಉಸಿರಾಟ ಕಲಿಸಿ, ದಿನಾಲೂ ಮಾಡೆಂದು ಅಪ್ಪಣೆ ಕೊಡಿಸಿದ್ದರು.

“ಯೋಗ ನಮ್ಮ ಹಣೇಬಾರದಾಗ ಇಲ್ರಿ ಅಪ್ಪಾರ. ಈ ಸೇವಾ ಬ್ಯಾರೆ ಯಾರಿಗಾರ ಒಪ್ಪಿಸ್ರಿ,” ಎಂದ. ಕಣ್ಣು ತುಂಬಿದ್ದವು.

“ಈ ವಾರ ಕುಂತಿದ್ದಿಲ್ಲೇನು?”

“ಸೋಮವಾರ ಮಡಿಲೆ ಶುರು ಮಾಡಿದ್ದೆರಿ. ಬುಧವಾರ ಮದುವಿ ಊದಾಕ ಹೋಗಿ ತಪ್ಪಿತು. ಭಂಗ ಆತಲ್ರಿ! ಮತ್ತ ಸೋಮವಾರದ ದಾರಿ ನೋಡಬೇಕು. ಎರಡು ವರ್ಷ ಹಿಂಗಽ ಆಗೇತಿ.”

ಪಾಪ, ವ್ರತ ಮುರಿದರೆ ಒಳ್ಳೆಯ ದಿನ ನೋಡಿ ಮೊದಲಿನಿಂದ ಹಿಡಿಯಬೇಕೆಂದು ಅವನಿಗೆ ಮನೆಯ ಹಿರಿಯರು ಕಲಿಸಿದ್ದರು. ಅವನ ಭಕ್ತಿಯಲ್ಲಿ ಕೊರತೆಯಿರಲಿಲ್ಲ, ಆ ಭಕ್ತಿಯೇ ಕಾಲಿಗೆ ತೊಡರುತ್ತಿತ್ತು.

ಶ್ರೀಗಳು ಮೊರದಿಂದ ಕಣ್ಣೆತ್ತಿದರು. “ಮದುವಿಯೊಳಗ ಊಟ ಸಿಕ್ಕಿತ್ತೇನು?”

“ಎಲ್ಲಿದ್ರಿ? ನಾವು ಹೋಗೂದರಾಗ ಪಂಕ್ತಿ ಎದ್ದಿತ್ತು. ಉಪಾಸ ಮಲಗಿದ್ವಿ.”

“ಮರುದಿನ ಉಂಡಿಯೋ, ಊಟಕ್ಕೂ ಸೋಮವಾರದ ದಾರಿ ನೋಡಿದಿಯೋ?”

ಶ್ರೀಗಳು ಶಹನಾಯಿಯನ್ನು ಎತ್ತಿ ಅವನ ಕೈಗಿತ್ತರು.

“ಈಗ ಇಲ್ಲೇ ಕುಂದರು.”

“ಅಪ್ಪಾರ, ಇವತ್ತು ಶನಿವಾರ. ಮ್ಯಾಲ ರಾಹುಕಾಲ!”

“ರಾಹುಕಾಲದಾಗ ಉಸರಾಡೂದು ಬಿಟ್ಟೀಯೇನು?” ಎಂದವರೇ ಮತ್ತೆ ಜೋಳ ಆರಿಸತೊಡಗಿದರು.

ಬೇರೆ ದಾರಿಯಿಲ್ಲದೆ ಅವನು ಬೇವಿನ ಬುಡದಲ್ಲಿ ಕುಳಿತ. ಹತ್ತು ಉಸಿರು ಎಳೆದು ಬಿಟ್ಟ, ಅಷ್ಟೇ. ಭಾನುವಾರವೂ ಕುಳಿತ. ಮದುವೆಯ ಸುಗ್ಗಿಯಲ್ಲಿ ಆಗಾಗ ತಪ್ಪಿತು, ಜ್ವರ ಬಂದು ಒಮ್ಮೆ ಇಡೀ ದಿನವೇ ಹೋಯಿತು. ಮರುದಿನ ಮುಂಜಾನೆ ಗೋಡೆಗೆ ಒರಗಿ ನಾಲ್ಕೇ ಉಸಿರು ಮಾಡಿದ. ದಮ್ಮು ಪೂರ್ತಿ ಹೋಯಿತೆಂದು ಹೇಳಿದರೆ ಸುಳ್ಳಾದೀತು. ಆದರೆ ಮುಂದಿನ ಶ್ರಾವಣದಲ್ಲಿ ಬೆಳಗಿನ ಪೂಜೆಯ ಹೊತ್ತು ಅವನ ಶಹನಾಯಿ ಮಂಗಳಾರತಿ ಮುಗಿಯುವವರೆಗೂ ನಿಲ್ಲಲಿಲ್ಲ. ಆರತಿ ಹಿಡಿದ ಶ್ರೀಗಳ ಕಣ್ಣಂಚು ಒದ್ದೆಯಾದುದನ್ನು ಕಂಡವರಿದ್ದಾರೆ.

ಎಷ್ಟೋ ವರ್ಷದ ಮೇಲೆ, ಎಪ್ಪತ್ತರಲ್ಲೂ ಊದುತ್ತಿದ್ದ ಯಮನಪ್ಪನನ್ನು ಪರವೂರ ಭಕ್ತರೊಬ್ಬರು ಕೇಳಿದರು: “ಒಂದು ದಿನವೂ ತಪ್ಪದೆ ಸಾಧನೆ ಮಾಡಿದ್ದೀರಂತೆ, ನಿಜವೇ?”

ಮುದುಕ ನಕ್ಕುಬಿಟ್ಟ. “ಯಾರು ಹೇಳಿದ್ರಿ? ಭಾಳ ಸಲ ತಪ್ಪೇತಿ. ಮರುದಿನ ಮಾತ್ರ ತಪ್ಪಿಲ್ರಿ, ನಮ್ಮಪ್ಪಾರ ಪುಣ್ಯಾ.”